ರಕ್ತದಲ್ಲಿ ಬ್ಯಾಕ್ಟೀರಿಯಾ: ಸೋಂಕಿನ ನೆಲೆ ಹುಡುಕಲು ಯಾವ ಸ್ಕ್ಯಾನ್?

ಪ್ರಶ್ನೆ: ತಂದೆಯವರಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಬ್ಲಡ್ ಕಲ್ಚರ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದಿದೆ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಏನೂ ಕಾಣಲಿಲ್ಲ, ಜ್ವರವೂ ಬಿಟ್ಟಿಲ್ಲ. ಒಬ್ಬ ವೈದ್ಯರು ಪೆಟ್-ಸಿಟಿ ಎನ್ನುತ್ತಾರೆ, ಇನ್ನೊಬ್ಬರು ಬಿಳಿ ರಕ್ತಕಣದ ಸ್ಕ್ಯಾನ್ ಎನ್ನುತ್ತಾರೆ. ಯಾವುದು ಮೊದಲು?

ಉತ್ತರ: ನೀವು ಬರೆದಷ್ಟರಿಂದ ಹೇಳುವುದಾದರೆ ಮೊದಲು ಎಫ್‌ಡಿಜಿ ಪೆಟ್-ಸಿಟಿ. ಈ ಬ್ಯಾಕ್ಟೀರಿಯಾ ರಕ್ತದ ಜೊತೆ ಹರಿದು ಬೆನ್ನುಮೂಳೆ, ಹೃದಯದ ಕವಾಟ, ಶ್ವಾಸಕೋಶ, ಸೊಂಟದ ಆಳದ ಸ್ನಾಯು, ಎಲ್ಲೆಂದರಲ್ಲಿ ಬೀಡುಬಿಡುತ್ತದೆ. ಎಷ್ಟೋ ಸಲ ಆ ಜಾಗದಲ್ಲಿ ನೋವೇ ಇರುವುದಿಲ್ಲ. ಎಫ್‌ಡಿಜಿ ಎಂದರೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್; ಅದು ದೇಹದಲ್ಲಿ ಎಲ್ಲಿ ಸೇರಿದೆ ಎಂದು ತೋರಿಸುವ ಸ್ಕ್ಯಾನೇ ಪೆಟ್-ಸಿಟಿ. ಸೋಂಕಿನ ಜಾಗಕ್ಕೆ ಧಾವಿಸಿದ ರಕ್ಷಣಾ ಕಣಗಳು ಅದನ್ನು ಹೀರಿಕೊಳ್ಳುತ್ತವೆ. ಚುಚ್ಚಿ ಸುಮಾರು 60 ನಿಮಿಷಕ್ಕೆ ಇಡೀ ದೇಹದ ಚಿತ್ರ ಸಿಗುತ್ತದೆ.

ಬಿಳಿ ರಕ್ತಕಣದ ಸ್ಕ್ಯಾನ್‌ಗೆ 40–50 ಮಿ.ಲೀ. ರಕ್ತ ತೆಗೆದು, ಕಣಗಳನ್ನು ಬೇರ್ಪಡಿಸಿ, ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಅಥವಾ ಇಂಡಿಯಂ-111 ಅಂಟಿಸಿ ಮತ್ತೆ ರಕ್ತನಾಳಕ್ಕೆ ಕೊಡುತ್ತಾರೆ. ಮರುದಿನದವರೆಗೂ ಚಿತ್ರ ತೆಗೆಯಬೇಕು. ಬರೀ ಉರಿಯೂತವನ್ನು ಸೋಂಕಿನಿಂದ ಬೇರೆ ಮಾಡಿ ತೋರಿಸುವುದರಲ್ಲಿ ಇದು ಮೇಲು. ಆದರೆ ಬೆನ್ನುಮೂಳೆಯಲ್ಲಿ ಕೈಕೊಡುತ್ತದೆ: ಸೋಂಕು ತಗುಲಿದ ಕಶೇರುಕ ಎದ್ದು ಕಾಣುವ ಬದಲು ಮಸುಕಾಗಿಯೇ ಉಳಿಯಬಹುದು. ಹಳೆಯ ಗ್ಯಾಲಿಯಂ-67 ಸ್ಕ್ಯಾನ್‌ಗೆ 48–72 ಗಂಟೆ ಕಾಯಬೇಕು, ಅದು ಕರುಳಿಗೂ ಇಳಿಯುವುದರಿಂದ ಹೊಟ್ಟೆಯ ಭಾಗ ಗೊಂದಲ. ಪೆಟ್ ಸಿಗುವ ಕಡೆ ಅದರ ಅಗತ್ಯವಿಲ್ಲ.

ಪೆಟ್ ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. ರಕ್ತದ ಸಕ್ಕರೆ 200 ಮಿ.ಗ್ರಾಂ/ಡೆಸಿಲೀಟರ್ ಒಳಗಿರಲಿ. ಸ್ಕ್ಯಾನ್‌ಗೆ ತುಸು ಮುಂಚೆ ಇನ್ಸುಲಿನ್ ಕೊಟ್ಟರೆ ಎಫ್‌ಡಿಜಿಯೆಲ್ಲ ಸ್ನಾಯುಗಳಿಗೆ ಹೋಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್‌ನಿಂದ ಚಿತ್ರದಲ್ಲಿ ಕರುಳು ಹೊಳೆಯುತ್ತದೆ. 48 ಗಂಟೆ ನಿಲ್ಲಿಸಬಹುದೇ ಎಂದು ವೈದ್ಯರನ್ನೇ ಕೇಳಿ. ಕವಾಟದ ಮೇಲೆ ಅನುಮಾನವಿದ್ದರೆ ಹಿಂದಿನ ದಿನ ಅನ್ನ, ಮುದ್ದೆ, ಹಾಲು, ಹಣ್ಣು ಬೇಡ. ಎಣ್ಣೆ-ತುಪ್ಪದಲ್ಲಿ ಮಾಡಿದ ಮೊಟ್ಟೆ, ಮೀನು, ಮಾಂಸ ಸಾಕು. ಆಮೇಲೆ ಕನಿಷ್ಠ 12 ಗಂಟೆ ಉಪವಾಸ. ಇಲ್ಲದಿದ್ದರೆ ಹೃದಯದ ಸ್ನಾಯುವೇ ಸಕ್ಕರೆ ಹೀರಿ ಕವಾಟವನ್ನು ಮುಚ್ಚಿಬಿಡುತ್ತದೆ. ಊಟಕ್ಕೆ ತಕ್ಕಂತೆ ಇನ್ಸುಲಿನ್ ಪ್ರಮಾಣವನ್ನು ವೈದ್ಯರು ಮೊದಲೇ ಬದಲಿಸಬೇಕು. ಇನ್ನೊಂದು ವಿಷಯ ಎಲ್ಲರ ಕಣ್ಣಿಗೂ ತಪ್ಪುತ್ತದೆ: ಆಂಟಿಬಯಾಟಿಕ್ ಕೊಡುವ ಡ್ರಿಪ್ ಬಾಟಲಿ ಡೆಕ್ಸ್‌ಟ್ರೋಸೋ (ಸಕ್ಕರೆ ನೀರು) ಸಲೈನೋ (ಉಪ್ಪು ನೀರು)? ಡೆಕ್ಸ್‌ಟ್ರೋಸ್ ಆದರೆ ಉಪವಾಸ ಮಾಡಿಯೂ ಮಾಡದಂತೆ. ದಯವಿಟ್ಟು ವಾರ್ಡಿನ ಸಿಸ್ಟರ್ ಹತ್ತಿರ ವಿಚಾರಿಸಿ.

ಪ್ರಶ್ನೆ: ಕೃತಕ ಕವಾಟ ಹಾಕಿ ಎರಡು ತಿಂಗಳಾಗಿದೆ. ನನಗೂ ಇದೇ ಸ್ಕ್ಯಾನ್ ಸಾಕೇ?

ಉತ್ತರ: ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗಲೂ ಎಫ್‌ಡಿಜಿ ಅಲ್ಲಿ ಸೇರುತ್ತದೆ. ಅದಕ್ಕೇ ಹೃದಯದ ಕವಾಟದ ಸೋಂಕನ್ನು ಖಚಿತಪಡಿಸಲು ವೈದ್ಯರು ಬಳಸುವ 2023ರ ಡ್ಯೂಕ್ ಮಾನದಂಡದಲ್ಲಿ, ಕವಾಟ ಹಾಕಿ 3 ತಿಂಗಳಾದ ಮೇಲಿನ ಪೆಟ್ ಫಲಿತಾಂಶಕ್ಕಷ್ಟೇ ಪ್ರಮುಖ ಸಾಕ್ಷ್ಯದ ಸ್ಥಾನ. ನಿಮಗೆ ಬಿಳಿ ರಕ್ತಕಣದ ಸ್ಕ್ಯಾನ್ ಹೆಚ್ಚು ನೆರವಾಗಬಹುದು. ಅನ್ನನಾಳದ ಮೂಲಕ ಮಾಡುವ ಎಕೋ ಅಂತೂ ಬೇಕು. ಮಿದುಳು ಸದಾ ಗ್ಲೂಕೋಸ್ ಹೀರುವುದರಿಂದ ಅಲ್ಲಿನ ಸೋಂಕು ಪೆಟ್‌ನಲ್ಲಿ ಮರೆಯಾಗುತ್ತದೆ. ತಲೆನೋವು, ಮಾತಿನ ತೊದಲು ಇದ್ದರೆ ಎಂಆರ್‌ಐ ಮಾಡಿಸಿ. ಸ್ಕ್ಯಾನ್‌ಗಾಗಿ ಆಂಟಿಬಯಾಟಿಕ್ ನಿಲ್ಲಿಸಬೇಡಿ.