ಯೂಕೋಮಿಯ ಸಸಿಗೆ ಗೊಬ್ಬರ ಬೇಡ, ಮೊದಲು ಗುಂಡಿ ಸರಿಮಾಡಿ

ಸರ್, ಯೂಕೋಮಿಯ (ಎಲೆ, ತೊಗಟೆಯಲ್ಲಿ ರಬ್ಬರಿನಂಥ ಅಂಟು ಇರುವ ಚೀನಾದ ಮರ) ಸಸಿಯ ಎಲೆ ಹಳದಿಯಾಗುತ್ತಿದೆ, ಯಾವ ಗೊಬ್ಬರ ಹಾಕಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಫೋಟೋದಲ್ಲೇ ಗೊತ್ತಾಗುತ್ತಿದೆ: ಆಳದ ಗುಂಡಿ, ಅದರ ತುಂಬ ಕಾಂಪೋಸ್ಟ್, ಕಾಂಡ ಅರ್ಧ ಗೇಣು ಮಣ್ಣೊಳಗೆ, ಸುತ್ತ ನೀರು ತುಂಬಿದ ಪಾತಿ. ಯೂಕೋಮಿಯ ಮೈನಸ್ 25 ಡಿಗ್ರಿ ಚಳಿ ತಡೆಯುತ್ತದೆ, ಬೇರು ಬಿಟ್ಟ ಮೇಲೆ ಬರವನ್ನೂ ತಡೆಯುತ್ತದೆ. ಹುಳದ ಕಾಟವೂ ಇಲ್ಲವೆನ್ನುವಷ್ಟು ಕಡಿಮೆ. ನಿಂತ ನೀರು ಮಾತ್ರ ಅದಕ್ಕೆ ಆಗಿಬರುವುದಿಲ್ಲ.

ನನ್ನ ಪದ್ಧತಿ ಹೇಳುತ್ತೇನೆ. ನೆಡುವ ಮುಂಚೆ ಒಂದೂವರೆ ಅಡಿ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಮರುದಿನ ಬೆಳಿಗ್ಗೆಯೂ ತಳದಲ್ಲಿ ನೀರಿದ್ದರೆ ಆ ಜಾಗ ಬಿಟ್ಟುಬಿಡಿ, ಇಲ್ಲವೇ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ಗುಂಡಿ ಬೇರಿನ ಹೆಂಟೆಯಷ್ಟೇ ಆಳ ಇರಲಿ, ಅಗಲ ಬೇಕಾದರೆ ಅದರ ಮೂರರಷ್ಟು ಮಾಡಿ. ತೆಗೆದ ಮಣ್ಣನ್ನೇ ವಾಪಸ್ ಹಾಕಿ. ಜಿಗುಟು ಮಣ್ಣಿನ ನಡುವೆ ಕಾಂಪೋಸ್ಟ್ ತುಂಬಿದ ಗುಂಡಿ ಬಕೆಟ್ ಇದ್ದ ಹಾಗೆ, ನೀರು ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಕಾಂಪೋಸ್ಟ್ ಕೊಳೆತು ಇಳಿದಂತೆ ಸಸಿಯೂ ಕೆಳಗಿಳಿಯುತ್ತದೆ. ಕಾಂಡ ಅಗಲವಾಗಿ ಬೇರಾಗುವ ಜಾಗ ನೆಲಕ್ಕಿಂತ ಎರಡು ಬೆರಳು ಮೇಲೆ ಕಾಣಲೇಬೇಕು. ‘ರೂಟ್ ಬೂಸ್ಟರ್’ ಬಾಟಲಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಈಗ ಪಾತಿ ಒಡೆಯಿರಿ, ಕಾಂಡದ ಸುತ್ತಲಿನ ಮಣ್ಣು ಕೆರೆದು ತೆಗೆಯಿರಿ. ಎಲೆ ಉದುರಿದ ಮೇಲೆ ಕಿತ್ತು ಎತ್ತರಕ್ಕೆ ನೆಡಿ. ಹಾಗಂತ ನೀರನ್ನೇ ನಿಲ್ಲಿಸಬೇಡಿ, ಮೊದಲ ಎರಡು ಬೇಸಿಗೆ ಬೇಕೇ ಬೇಕು. ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಬುಡದ ಮಣ್ಣಿನ ಮೇಲೆ ಹಾಸುವ ಹೊದಿಕೆ (ಮಲ್ಚ್) ಮೂರು ಇಂಚು ಸಾಕು, ಕಾಂಡಕ್ಕೆ ತಾಗದಿರಲಿ.

ರಬ್ಬರ್ ಎಷ್ಟು ಬರುತ್ತದೆ ಅಂತಲೂ ಕೇಳಿದ್ದೀರಿ. ಇದು ತೋಟದ ರಬ್ಬರ್ ಮರ ಅಲ್ಲ, ಗೀರಿದರೆ ಹಾಲು ಚಿಪ್ಪಿಗೆ ಇಳಿಯುವುದಿಲ್ಲ. ಒಂದು ಎಲೆಯನ್ನು ಅಡ್ಡಲಾಗಿ ನಿಧಾನಕ್ಕೆ ಹರಿಯಿರಿ. ಒಳಗಿನ ರಬ್ಬರೇ ಬಿಳಿ ನೂಲಾಗಿ ಎಳೆ ಎಳೆಯಾಗಿ ಹೊರಬರುತ್ತದೆ, ಕೆಳಗಿನ ತುಂಡು ಅದಕ್ಕೇ ಜೋತುಬಿದ್ದಿರುತ್ತದೆ. ನರ್ಸರಿಯವರು ಬೇರೆ ಗಿಡ ಕೊಟ್ಟಿಲ್ಲ ಅನ್ನುವುದಕ್ಕೂ ಇದೇ ಪರೀಕ್ಷೆ. ತೊಗಟೆ ಚೀನಾದ ಹಳೆಯ ಔಷಧಿ ನಿಜ, ಹಾಗಂತ ಎಳೆ ಮರದ ತೊಗಟೆ ಸುಲಿಯಬೇಡಿ ಮಾರಾಯ್ರೇ!

ಗೋಡೆಯಿಂದ ಇಪ್ಪತ್ತೈದು ಅಡಿ ದೂರ ಇರಲಿ. 40ರಿಂದ 60 ಅಡಿ ಬೆಳೆಯುವ ಮರ, ಹರವೂ ಜಾಸ್ತಿ. ಎಳೆಯದಿದ್ದಾಗ ಒಂದೇ ಮುಖ್ಯ ಕಾಂಡ ಉಳಿಸಿಕೊಳ್ಳಿ. ಶರತ್ಕಾಲದಲ್ಲಿ ಕೆಂಪು ಬಣ್ಣ ನಿರೀಕ್ಷಿಸಬೇಡಿ, ಎಲೆ ಹೆಚ್ಚಾಗಿ ಹಸಿರಾಗಿಯೇ ಉದುರುತ್ತದೆ. ಬೀಜದ ಆಸೆ ಇದ್ದರೆ ಗಂಡು, ಹೆಣ್ಣು ಎರಡೂ ಮರ ಬೇಕು. ಹೂ ಬರುವವರೆಗೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ, ಹಾಗಾಗಿ ಒಂದೇ ಸಸಿ ತಂದವರು ಬೀಜದ ಲೆಕ್ಕ ಬಿಡಿ.