ಟ್ರಂಕಿನಲ್ಲಿ ಉಳಿದ ಹೆಣಿಗೆ

ಈ ಪ್ರಕರಣವನ್ನು ಆ ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಮನೆಯ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಅವರಿಗೆ ಅರವತ್ತು ದಾಟಿದೆ. ಇರುವುದು ತುಮಕೂರಿನಲ್ಲಿ. ಬೆಂಗಳೂರಿನ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ಗಂಡ, ಮಗ, ಸೊಸೆ, ಮೊಮ್ಮಗ. ಮಗಳನ್ನು ಹಾಸನಕ್ಕೆ ಕೊಟ್ಟಿದ್ದಾರೆ. ರಾತ್ರಿ ನಿದ್ದೆ ಇಲ್ಲ, ಮಾತೆತ್ತಿದರೆ ಕಣ್ಣಲ್ಲಿ ನೀರು ಎಂದು ಸೊಸೆಯೇ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು.

ಎಲ್ಲ ಶುರುವಾದದ್ದು ಮನೆಗೆ ಬಣ್ಣ ಹೊಡೆಸುವಾಗ. ರೂಮು ಖಾಲಿ ಮಾಡಲು ಹೋದಾಗ ಮಂಚದ ಕೆಳಗಿನ ಕಬ್ಬಿಣದ ಟ್ರಂಕು ಹೊರಗೆ ಬಂತು. ಅದರ ತುಂಬ ಅರ್ಧ ಹೆಣೆದ ಸ್ವೆಟರ್, ಕ್ರೋಶ ಹಾಕಿದ ಬಟ್ಟೆ, ಉಲನ್ ಉಂಡೆ. ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ, ನುಸಿಗುಳಿಗೆ ಸಮೇತ. "ಅಮ್ಮ, ಇದನ್ನೆಲ್ಲ ಯಾರಿಗಾದ್ರೂ ಕೊಟ್ಬಿಡೋಣ, ಜಾಗ ಆಗುತ್ತೆ" ಎಂದ ಮಗ. "ಬಿಡು, ನಿಮ್ಮಮ್ಮ ಮೊದಲಿಂದ್ಲೂ ಆರಂಭಶೂರಳು" ಎಂದರು ಗಂಡ. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ಆಮೇಲೆ ಸರಿಯಾಗಿ ನಿದ್ದೆಯೂ ಬರಲಿಲ್ಲ.

"ಮೇಡಂ, ನಾನು ಹಿಡಿದ ಕೆಲಸ ಒಂದನ್ನೂ ಮುಗಿಸಿದವಳಲ್ಲ. ಇನ್ನು ಈ ವಯಸ್ಸಲ್ಲಿ ಏನು ಮುಗಿಸ್ತೀನಿ?" ಕೂತ ತಕ್ಷಣ ಅವರು ಹೇಳಿದ್ದು ಇದು. ವರ್ಷಗಟ್ಟಲೆ ದಿನಾ ಬೆಂಗಳೂರಿಗೆ ಹೋಗಿಬಂದು, ಇಬ್ಬರು ಮಕ್ಕಳನ್ನು ಓದಿಸಿ, ಹಾಸಿಗೆ ಹಿಡಿದ ಅತ್ತೆಯನ್ನು ಕೊನೆತನಕ ನೋಡಿಕೊಂಡ ಹೆಂಗಸಿನ ಮಾತು. ಕೇಳಿ ನನಗೆ ತುಂಬಾ ಬೇಜಾರಾಯಿತು.

ಇಂಥ ಕಡೆ ನಾನು ಮೊದಲು ನೋಡುವುದು ಖಿನ್ನತೆ ಇದೆಯೇ ಎಂದು. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟದ ಕೆಲಸಗಳಲ್ಲೂ ಆಸಕ್ತಿ ಹೋಗಿದ್ದರೆ, ಹೆಣಿಗೆಯ ಮಾತು ಆಮೇಲೆ. ಮೊದಲು ಮನೋವೈದ್ಯರ ಹತ್ತಿರ ಹೋಗಬೇಕು. ಯಾರಿಗೆ ಕೇಳುವುದು ಎಂದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ಇವರ ವಿಷಯದಲ್ಲಿ ಹಾಗಿರಲಿಲ್ಲ. ಬೆಳಿಗ್ಗೆ ಹೂವಿನ ಗಿಡಗಳ ಹತ್ತಿರ ಖುಷಿಯಾಗಿಯೇ ಇರುತ್ತಿದ್ದರು. ಮೊಮ್ಮಗನಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ನೋವಿದ್ದದ್ದು ಆ ಟ್ರಂಕಿನ ಸುತ್ತ ಮಾತ್ರ. ಹಾಗಾಗಿ, "ಮುಂದಿನ ಸಲ ಬರುವಾಗ ಅದರಲ್ಲಿ ಇರೋದನ್ನೆಲ್ಲ ತನ್ನಿ" ಎಂದೆ. ಜೊತೆಗೆ ಮಗನಿಗೆ ಫೋನ್ ಮಾಡಿ, ಬಣ್ಣದ ಕೆಲಸ ನಡೆಯಲಿ, ಟ್ರಂಕು ವರಾಂಡದಲ್ಲಿರಲಿ, ಅಮ್ಮ ತಾವಾಗಿ ಹೇಳುವ ತನಕ ಕೊಡುವ, ಬಿಸಾಡುವ ಮಾತು ಬೇಡ ಎಂದು ಹೇಳಿದೆ. "ಅಮ್ಮನ್ನ ನೋಯಿಸ್ಬೇಕು ಅಂತ ಅಲ್ಲ ಮೇಡಂ" ಎಂದರು. ನಿಜವಾಗಿಯೂ ಅವರಿಗೆ ಗೊತ್ತಾಗಿರಲಿಲ್ಲ.

ಎರಡು ಚೀಲ ತುಂಬಿಕೊಂಡು ಬಂದರು. ಮೇಜಿನ ಮೇಲೆ ಒಂದೊಂದೇ ಹರಡಿದೆವು. ಗಿಣಿಹಸಿರು ಬಣ್ಣದ ಮಕ್ಕಳ ಸ್ವೆಟರ್: ಮುಂದೆ, ಹಿಂದೆ, ಒಂದು ತೋಳು ಮುಗಿದಿದೆ. ಎರಡನೇ ತೋಳು ಪಟ್ಟಿಯ ಹತ್ತಿರವೇ ನಿಂತಿದೆ, ಕಡ್ಡಿ ಇನ್ನೂ ಅದರಲ್ಲೇ ಇದೆ. ಜೊತೆಗೆ ಒಂದು ಹಳೇ ರೈಲ್ವೆ ಟಿಕೆಟ್. ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಗೀಟುಗಳು. ಒಂದು ಸಾಲು ಮುಗಿದರೆ ಒಂದು ಗೀಟು, ಐದನೆಯದಕ್ಕೆ ಅಡ್ಡಗೀಟು. ಕೊನೆಯ ಗುಂಪಿನಲ್ಲಿ ಮೂರೇ ಗೀಟು.

"ಇದು ಎಲ್ಲಿ ಕೂತು ಹೆಣೆದದ್ದು?" ಎಂದು ಕೇಳಿದೆ.

"ರೈಲಲ್ಲಿ ಮೇಡಂ. ಎಲ್ಲಾನೂ ರೈಲಲ್ಲೇ."

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಗಿನ ಗಾಡಿಯಲ್ಲಿ ಸೀಟು ಸಿಕ್ಕರೆ ಯಶವಂತಪುರದ ತನಕ ಒಂದು ಗಂಟೆಗೂ ಮೀರಿ ಕೈ ಬಿಡುವಾಗಿರುತ್ತದೆ. ಹೆಂಗಸರ ಬೋಗಿಯಲ್ಲಿ ಇವರದ್ದೊಂದು ಗುಂಪು. ಕ್ಯಾತ್ಸಂದ್ರದಲ್ಲಿ ಒಬ್ಬರು ಹತ್ತುತ್ತಿದ್ದರು, ಹಿರೇಹಳ್ಳಿಯಲ್ಲಿ ಇನ್ನೊಬ್ಬರು. ಒಬ್ಬರಿಗೆ ಹೊಸ ಡಿಸೈನ್ ಗೊತ್ತಾದರೆ ಸೋಲದೇವನಹಳ್ಳಿ ಬರುವಷ್ಟರಲ್ಲಿ ಎಲ್ಲರಿಗೂ ಬಂದಿರುತ್ತಿತ್ತು. ಒಂದು ಸೀದಾ, ಒಂದು ಉಲ್ಟಾ ಎಂದು ಹೇಳಿಕೊಡುತ್ತಾ ಮನೆಯ ಕಷ್ಟಸುಖವನ್ನೂ ಮಾತಾಡಿಕೊಳ್ಳುತ್ತಿದ್ದರು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ರೈಲುಗಳು ನಿಂತವು. ಇವರ ನಿವೃತ್ತಿಗೆ ಉಳಿದಿದ್ದು ಕೆಲವೇ ತಿಂಗಳು. ರೈಲು ಮತ್ತೆ ಓಡುವಷ್ಟರಲ್ಲಿ ಇವರಿಗೆ ಹೋಗುವ ಕೆಲಸವೇ ಇರಲಿಲ್ಲ. ಆ ಗುಂಪಿಗೆ ಹೋಗಿಬರ್ತೀನಿ ಎಂದು ಹೇಳಲೂ ಆಗಲಿಲ್ಲ.

ಅಷ್ಟು ವರ್ಷ ಕೈಗೆ ಕಡ್ಡಿ ಬಂದದ್ದು ಆ ಸೀಟಿನಲ್ಲಿ, ಆ ಹೊತ್ತಿನಲ್ಲಿ, ಆ ಜನರ ಜೊತೆ. ಮೂರೂ ಒಟ್ಟಿಗೆ ಹೋದ ಮೇಲೆ ಮನೆಯಲ್ಲಿ ಹೆಣಿಗೆ ಹೇಗೆ ಮುಂದುವರಿಯಬೇಕು? ಇದನ್ನು ಸೋಮಾರಿತನ ಎನ್ನಲು ನನಗೆ ಸಾಧ್ಯವೇ ಇಲ್ಲ.

ಆದರೆ ಎಲ್ಲವೂ ರೈಲಿನಿಂದ ನಿಂತದ್ದಲ್ಲ. ಅದಕ್ಕೇ ಒಂದು ಹಾಳೆ ಕೊಟ್ಟು, ಒಂದೊಂದು ಕವರಿನ ಮುಂದೆಯೂ ಅದು ಯಾವಾಗ ನಿಂತಿತು, ಆ ವಾರ ಮನೆಯಲ್ಲಿ ಏನು ನಡೆದಿತ್ತು ಎಂದು ಬರೆಯಲು ಹೇಳಿದೆ. "ನಾನೇಕೆ ಯಾವುದನ್ನೂ ಮುಗಿಸಲ್ಲ" ಎಂದು ಕೇಳಿಕೊಂಡರೆ ಉತ್ತರ ಬಂದು ನಿಲ್ಲುವುದು ನಮ್ಮನ್ನೇ ಬೈದುಕೊಳ್ಳುವಲ್ಲಿ. "ಇದು ಎಲ್ಲಿ ನಿಂತಿತು" ಎಂದು ಕೇಳಿದರೆ ಬೇರೆ ಬೇರೆ ಉತ್ತರ ಸಿಗುತ್ತವೆ. ಸಿಕ್ಕವು ಕೂಡ. ಗಂಡನಿಗೆ ಶುರುಮಾಡಿದ ನೇವಿ ಬ್ಲೂ ಸ್ವೆಟರ್ ನಿಂತದ್ದು ಕಣ್ಣಿನಿಂದ. ಸಂಜೆ ಬೆಳಕಿನಲ್ಲಿ ಕಡುಬಣ್ಣದ ಕುಣಿಕೆ ಕಾಣುತ್ತಿರಲಿಲ್ಲ, ಒಂದು ಜಾರಿದರೂ ಗೊತ್ತಾಗುತ್ತಿರಲಿಲ್ಲ. ಮಗಳ ಮದುವೆಗೆಂದು ಬಿಳಿ ಕಾಟನ್ ದಾರದಲ್ಲಿ ಹಾಕಿದ ಮೇಜುಬಟ್ಟೆಯ ಚೌಕಗಳು ರಾಶಿ ಇದ್ದವು. ಅವನ್ನು ಜೋಡಿಸುವ ಕೆಲಸ ಅವರಿಗೆ ಯಾವತ್ತೂ ಇಷ್ಟವಿರಲಿಲ್ಲ, ಅಷ್ಟೆ. ಅಪ್ಪಟ ಉಣ್ಣೆಯ ಮಫ್ಲರೊಂದಕ್ಕೆ ನುಸಿ ಬಿದ್ದಿತ್ತು. ಅಕ್ರಿಲಿಕ್ ಉಲನ್‌ನವು ಮಾತ್ರ ಇಟ್ಟ ಹಾಗೇ ಇದ್ದವು.

ಕೊನೆಯ ಕವರನ್ನು ಅವರು ತೆಗೆಯಲಿಲ್ಲ. ಚೀಲದಲ್ಲೇ ಕೈಯಿಟ್ಟುಕೊಂಡು ಕೂತರು. ನಾನೂ ಸುಮ್ಮನಿದ್ದೆ. ಆಮೇಲೆ ತೆಗೆದರು. ಒಂದು ಕೂಸಿನ ಕುಲಾವಿ, ತಿಳಿಹಳದಿ ಬಣ್ಣದ್ದು. ಕಿವಿಯ ಹತ್ತಿರದ ಕಟ್ಟುದಾರ ಹಾಕುವುದು ಮಾತ್ರ ಬಾಕಿ.

ಮಗಳ ಮೊದಲ ಬಸಿರಿಗೆ ಹೆಣೆದದ್ದು. ಮೂರನೇ ತಿಂಗಳಿನಲ್ಲಿ ಹೋಯಿತು. "ಹುಟ್ಟೋಕೆ ಮುಂಚೆ ಕೂಸಿಗೆ ಬಟ್ಟೆ ಮಾಡಬಾರದು ಅಂತ ನಮ್ಮತ್ತೆ ಹೇಳ್ತಿದ್ರು. ನಾನು ಆಸೆ ತಡೀಲಾರದೆ ಮಾಡಿದೆ ಮೇಡಂ. ಅದಕ್ಕೇ ಹಾಗಾಯ್ತು." ಈ ಮಾತನ್ನು ಅವರು ಅದುವರೆಗೆ ಯಾರ ಹತ್ತಿರವೂ ಆಡಿರಲಿಲ್ಲ. ಮಗಳ ಹತ್ತಿರ ಕೂಡ. ಆಮೇಲೆ ಮಗಳಿಗೆ ಮಗು ಆಯಿತು, ಈಗ ಸ್ಕೂಲಿಗೆ ಹೋಗುತ್ತದೆ. ಆ ಮಗುವಿಗೆ ಇವರು ಒಂದು ಟೋಪಿಯನ್ನೂ ಹೆಣೆಯಲಿಲ್ಲ. ಹೆದರಿಕೆ.

ನಂಬಿಕೆಯನ್ನು ನಾನು ಹೀಗಳೆಯಲು ಹೋಗಲಿಲ್ಲ. ಕೂಸು ಹುಟ್ಟುವ ಮೊದಲು ಏನನ್ನೂ ಸಿದ್ಧ ಮಾಡದಿರುವುದು ನಮ್ಮ ಕಡೆ ಬಹಳ ಮನೆಗಳ ರೂಢಿ. ಅದರ ಹಿಂದೆ ಇರುವುದು ಆಸೆ ಇಟ್ಟು ನೋಯುವುದು ಬೇಡ ಎಂಬ ಕಾಳಜಿ. ಆದರೆ ಆ ರೂಢಿ ಮುರಿದದ್ದಕ್ಕೆ ಜೀವ ಹೋಯಿತು ಎಂದು ಒಬ್ಬ ತಾಯಿ ವರ್ಷಗಟ್ಟಲೆ ನಂಬಿಕೊಂಡು ಬದುಕಬಾರದು. ವೈದ್ಯರು ಏನು ಹೇಳುತ್ತಾರೆ ಎಂದು ನಿಧಾನವಾಗಿ ವಿವರಿಸಿದೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಭ್ರೂಣದ ಕ್ರೋಮೋಸೋಮ್‌ಗಳ ದೋಷವೇ ಕಾರಣ. ಅದು ಗರ್ಭ ನಿಂತಾಗಲೇ ಆಗಿಬಿಟ್ಟಿರುತ್ತದೆ. ಅಜ್ಜಿ ಹೆಣೆದರೂ ಅಷ್ಟೆ, ಹೆಣೆಯದಿದ್ದರೂ ಅಷ್ಟೆ. ಅವರು ಎರಡು ಸಲ ಕೇಳಿದರು, "ಹೌದಾ ಮೇಡಂ? ನಿಜವಾಗ್ಲೂ?" ಎಂದು. ಎರಡು ಸಲವೂ ಹೌದು ಎಂದೆ.

ಕುಲಾವಿಯನ್ನು ಮುಗಿಸಿ ಎಂದು ನಾನು ಹೇಳಲಿಲ್ಲ. ಬಿಚ್ಚಿ ಎಂದೂ ಹೇಳಲಿಲ್ಲ. ಅದರ ತೀರ್ಮಾನ ಅವರದ್ದು, ಅದಕ್ಕೆ ಗಡುವಿಲ್ಲ ಎಂದೆ.

ಮಿಕ್ಕಿದ್ದಕ್ಕೆ ಸಲಹೆ ಕೊಟ್ಟೆ. ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸನ್ನು ಎಳೆಯುತ್ತದೆ ಎಂಬುದು ಹಳೆಯ ಸಂಗತಿ. ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ ಬರ್ಲಿನ್‌ನಲ್ಲಿ ಮಾಡಿ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಮುಗಿಸಿದ ಕೆಲಸಕ್ಕಿಂತ ನಡುವೆ ನಿಲ್ಲಿಸಿದ ಕೆಲಸವೇ ಜಾಸ್ತಿ ನೆನಪಿತ್ತು. ನಂತರದವರ ಪ್ರಯೋಗಗಳಲ್ಲಿ ಪ್ರತಿಸಲ ಹಾಗೇ ಬಂದಿಲ್ಲ ಎಂಬುದೂ ನಿಜ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2011ರ ಇನ್ನೊಂದು ಅಧ್ಯಯನ. ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು ಮಾಡಿದ್ದು. ಬಾಕಿ ಕೆಲಸ ಮುಗಿಯದಿದ್ದರೂ, ಅದನ್ನು ಯಾವಾಗ, ಎಲ್ಲಿ, ಹೇಗೆ ಮಾಡುವುದು ಎಂದು ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೆ ಅದು ತಲೆಯಲ್ಲಿ ಕೊರೆಯುವುದು ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. ರಾತ್ರಿ ನಿದ್ದೆಗೆಡುವವರಿಗೆ ಇದು ದೊಡ್ಡ ಸಮಾಧಾನ.

ಹಾಗಾಗಿ ಪ್ರತಿ ಕವರಿಗೂ ಒಂದು ತೀರ್ಮಾನ ಬರೆದೆವು. ಮುಗಿಸುವುದು, ಬೇರೆ ಏನಾದರೂ ಮಾಡುವುದು, ಬಿಚ್ಚುವುದು. ಮೂರಕ್ಕೂ ಒಂದೇ ಮರ್ಯಾದೆ. ಬಿಚ್ಚಿದ್ದೂ ಮುಗಿಸಿದ ಲೆಕ್ಕವೇ. ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಮುಗಿಯಲು ಹತ್ತಿರವಿರುವುದನ್ನು, ಮನಸ್ಸಿಗೆ ಹತ್ತಿರವಿರುವುದನ್ನಲ್ಲ ಎಂದೂ ಹೇಳಿದೆ. ಹಾಗೆ ಗಿಣಿಹಸಿರು ಸ್ವೆಟರ್ ಹೊರಬಂತು.

ಅದರ ತೊಡಕು ಬೇರೆ. ಮೊಮ್ಮಗನಿಗೆಂದು ಹೆಣೆದದ್ದು, ಅವನು ಈಗ ಅಜ್ಜಿಯ ಭುಜಕ್ಕೆ ಬಂದಿದ್ದಾನೆ. ಉಲನ್ ಕೂಡ ಸಾಲದು. ಲೇಬಲ್ಲಿನಲ್ಲಿ ಬಣ್ಣದ ನಂಬರ್ ಜೊತೆ ಲಾಟ್ ನಂಬರೂ ಇರುತ್ತದೆ, ಲಾಟ್ ಬದಲಾದರೆ ಅದೇ ಬಣ್ಣವೂ ಒಂದು ಛಾಯೆ ಬೇರೆ ಕಾಣುತ್ತದೆ ಎಂದು ಅವರೇ ಹೇಳಿದರು. ಪರಿಹಾರ ಹೊಳೆದದ್ದೂ ಅವರಿಗೇ. "ಒಂದು ತೋಳು ಇದೆಯಲ್ಲ, ಅದನ್ನ ಬಿಚ್ಚಿಬಿಡ್ತೀನಿ. ಆ ಉಲನ್‌ನಲ್ಲೇ ಎರಡು ಕಡೆ ಪಟ್ಟಿ ಹಾಕಿದ್ರೆ ತೋಳಿಲ್ಲದ ಸ್ವೆಟರ್ ಆಗುತ್ತೆ." ಹೇಳುವಾಗ ಅವರ ದನಿಯೇ ಬದಲಾಗಿತ್ತು. ಬಿಚ್ಚಿದ ಉಲನ್ ಗುಂಗುರಾಗಿರುತ್ತದೆ. ಲಡಿ ಸುತ್ತಿ, ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ನೇತುಹಾಕಿದರೆ ನೆಟ್ಟಗಾಗುತ್ತದೆ. ಇನ್ನೊಂದು ಮಾತು, ವರ್ಷಗಳ ನಂತರ ಕೈಯ ಬಿಗಿ ಮೊದಲಿನಂತೆ ಇರುವುದಿಲ್ಲ. ಅದಕ್ಕೆ ಬೇರೆ ಉಲನ್‌ನಲ್ಲಿ ಅಂಗೈಯಗಲ ಹೆಣೆದು ಹಳೆಯದರ ಪಕ್ಕ ಇಟ್ಟು ನೋಡಿದರು. ಬಿಗಿಯಾಗಿತ್ತು. 10ನೇ ನಂಬರ್ ಕಡ್ಡಿ ಬಿಟ್ಟು 9 ತೆಗೆದುಕೊಂಡರು. ಹಳೇ ಲೆಕ್ಕದಲ್ಲಿ ನಂಬರ್ ಇಳಿದಷ್ಟೂ ಕಡ್ಡಿ ದಪ್ಪ. 10 ಅಂದರೆ 3.25 ಮಿ.ಮೀ., 9 ಅಂದರೆ 3.75.

ಹೊತ್ತು ಗೊತ್ತುಮಾಡಿದೆವು. ಸಂಜೆ ಕಾಫಿ ಕುಡಿದ ಲೋಟ ತೊಳೆದಿಟ್ಟ ಮೇಲೆ, ವರಾಂಡದ ಕುರ್ಚಿ. ಇಂಥ ಸಮಯಕ್ಕೆ ಎನ್ನುವುದಕ್ಕಿಂತ ಇಂಥ ಕೆಲಸ ಆದ ಮೇಲೆ ಎಂದು ಗಂಟು ಹಾಕಿದರೆ ನೆನಪಿಡುವುದು ಸುಲಭ. ಹೆಬ್ಬೆರಳಿನ ಬುಡ ನೋಯುತ್ತದೆ ಎಂದಿದ್ದರು, ಅದಕ್ಕೆ ನಡುನಡುವೆ ಕೈ ಬಿಡಿಸಿಕೊಳ್ಳಬೇಕು, ಬೆರಳು ಜೋಮು ಹಿಡಿದರೆ ವೈದ್ಯರಿಗೆ ತೋರಿಸಬೇಕು ಎಂದೆ. ಕನ್ನಡಕದ ನಂಬರ್ ನೋಡಿಸಿ ಬಂದರು. ನೇವಿ ಬ್ಲೂ ಸ್ವೆಟರ್ ಇನ್ನು ಹಗಲಿನಲ್ಲಿ ಮಾತ್ರ, ತೊಡೆಯ ಮೇಲೆ ಬಿಳಿ ಟವೆಲ್ ಹಾಕಿಕೊಂಡು.

ಕಷ್ಟವಾದದ್ದು ಮೂರನೆಯದು, ಜನ. ಕ್ಯಾತ್ಸಂದ್ರದ ಗೆಳತಿಗೆ ಫೋನ್ ಮಾಡಿ ಎಂದರೆ, "ಇಷ್ಟು ವರ್ಷ ಮಾಡಿಲ್ಲ, ಈಗ ಯಾವ ಮುಖ ಇಟ್ಕೊಂಡು ಮಾಡಲಿ?" ಎಂದರು. ಒಂದೆರಡು ಭೇಟಿ ಇದರಲ್ಲೇ ಕಳೆಯಿತು. ಕೊನೆಗೆ, ಕ್ಷಮೆ ಕೇಳುವುದು ಬೇಡ, ವಿವರಣೆಯೂ ಬೇಡ, ಒಂದು ಹೆಣಿಗೆ ಸಂದೇಹ ಇಟ್ಟುಕೊಂಡು ಮಾಡಿ ಎಂದೆ. ಪಟ್ಟಿಗೆ ಎಷ್ಟು ಕುಣಿಕೆ ಎತ್ತಿಕೊಳ್ಳಬೇಕು ಎಂದು ಕೇಳಲು ಫೋನ್ ಮಾಡಿದರು. ಒಂದು ಗಂಟೆ ಮಾತಾಡಿದರಂತೆ. ಆ ಕಡೆಯವರ ಬೀರುವಿನಲ್ಲೂ ಎರಡು ಸ್ವೆಟರ್ ಅರ್ಧಕ್ಕೆ ನಿಂತಿದ್ದವು.

ಗಂಡನನ್ನೂ ಒಮ್ಮೆ ಕರೆಸಿದ್ದೆ. ಹಾಳೆ ತೋರಿಸಿದೆ. ನೇವಿ ಬ್ಲೂ ಸ್ವೆಟರ್ ಯಾಕೆ ನಿಂತಿತು ಎಂದು ಓದಿ, "ಕಣ್ಣು ಕಾಣ್ತಿರಲಿಲ್ಲ ಅಂತ ನಂಗೆ ಹೇಳ್ಲೇ ಇಲ್ವಲ್ಲೇ" ಎಂದರು. ಆಮೇಲೆ ಆರಂಭಶೂರಳು ಎಂಬ ಮಾತು ಮನೆಯಲ್ಲಿ ಬಂದಿಲ್ಲವಂತೆ.

ಹಸಿರು ಸ್ವೆಟರ್ ಮುಗಿದು ಬೀದಿಯ ಒಂದು ಮಗುವಿಗೆ ಹೋಯಿತು. ನುಸಿ ತಿಂದ ಮಫ್ಲರನ್ನು ಅವರೇ ಎಸೆದರು. ಗೌರಿ ಹಬ್ಬಕ್ಕೆ ಮಗಳು ಬಂದಾಗ ಕುಲಾವಿ ತೋರಿಸಿ, ತಮ್ಮ ಹೆದರಿಕೆಯನ್ನೂ ಹೇಳಿಕೊಂಡರು. ಮಗಳು ಬಹಳ ಅತ್ತಳಂತೆ. ತಾನೂ ಅಷ್ಟು ದಿನ, ಮೆಟ್ಟಿಲು ಹತ್ತಿದ್ದಕ್ಕೆ ಹಾಗಾಯಿತು ಎಂದು ತನ್ನನ್ನೇ ದೂರಿಕೊಂಡಿದ್ದಳು. ಕಟ್ಟುದಾರ ಹಾಕದೆ ಹಾಗೆಯೇ ತನಗೆ ಕೊಡು ಎಂದು ಕೇಳಿ ಹಾಸನಕ್ಕೆ ತೆಗೆದುಕೊಂಡು ಹೋದಳು.

ಈಗ ಹೆಚ್ಚಿನ ರಾತ್ರಿ ನಿದ್ದೆ ಬರುತ್ತಿದೆ. ಮೇಜುಬಟ್ಟೆಯ ಚೌಕಗಳನ್ನು ಜೋಡಿಸುವ ಕೆಲಸ ಕ್ಯಾತ್ಸಂದ್ರದವರಿಗೆ ಇಷ್ಟವಂತೆ, ಅರ್ಧ ಅವರ ಮನೆಗೆ ಹೋಗಿದೆ. ಉಳಿದರ್ಧವನ್ನು ಬಾಗಿಲಿನ ತೋರಣ ಮಾಡಬೇಕೋ, ಅವರಿಗೇ ಕೊಡಬೇಕೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಹಾಳೆಯಲ್ಲಿ ಅದರ ಮುಂದೆ "ಸಂಕ್ರಾಂತಿ ಆದ ಮೇಲೆ ನೋಡೋಣ" ಎಂದು ಬರೆದುಕೊಂಡಿದ್ದಾರೆ.