ಪಿನ್ ಅಲ್ಲ, ಪಾಸ್‌ವರ್ಡ್ ಕೊಡಿ

ವಿಂಡೋಸ್ ಕಂಪ್ಯೂಟರ್‌ನಲ್ಲಿ ಶೇರ್ ಮಾಡಿದ ಫೋಲ್ಡರ್ ಲ್ಯಾಪ್‌ಟಾಪ್‌ನಿಂದ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ ಎಂದಿದ್ದೀರಿ. ಅಲ್ಲಿಯವರೆಗೆ ಬಂದಿದೆ ಅಂದಮೇಲೆ ನೆಟ್‌ವರ್ಕ್ ಸರಿಯಿದೆ, ರೂಟರ್ ಸೆಟ್ಟಿಂಗ್ ಮುಟ್ಟಲೇಬೇಡಿ. ನೀವು ಹಾಕುತ್ತಿರುವುದು ಲಾಗಿನ್ ಪಿನ್ ಇರಬೇಕು. ಪಿನ್ ಆ ಒಂದು ಯಂತ್ರದ ಮುಂದೆ ಕೂತವರಿಗಷ್ಟೇ, ನೆಟ್‌ವರ್ಕ್ ಮೂಲಕ ಅದು ನಡೆಯುವುದಿಲ್ಲ.

ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ ಇದಕ್ಕೆಂದೇ ಒಂದು ಲೋಕಲ್ ಅಕೌಂಟ್ (ಆ ಕಂಪ್ಯೂಟರ್‌ಗಷ್ಟೇ ಸೇರಿದ ಖಾತೆ) ಮಾಡಿ. ಪಾಸ್‌ವರ್ಡ್ ಖಾಲಿ ಬಿಡಬೇಡಿ, ಖಾಲಿ ಇದ್ದರೆ ವಿಂಡೋಸ್ ಹೊರಗಿನಿಂದ ಒಳಗೆ ಬಿಡುವುದಿಲ್ಲ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಆ ಅಕೌಂಟ್‌ಗೆ ಶೇರಿಂಗ್, ಸೆಕ್ಯುರಿಟಿ ಎರಡೂ ಟ್ಯಾಬ್‌ಗಳಲ್ಲಿ ಅನುಮತಿ ಕೊಡಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕಕ್ಕೆ ಬರುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಆಮೇಲೆ ಲ್ಯಾಪ್‌ಟಾಪ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ (ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಜಾಗ) ಉಳಿದ ಹಳೆಯ ನಮೂದು ಅಳಿಸಿ, ಸೈನ್ ಔಟ್ ಆಗಿ ಬನ್ನಿ. ಮತ್ತೆ ಫೋಲ್ಡರ್ ತೆರೆಯುವಾಗ ಹೆಸರು, ಪಾಸ್‌ವರ್ಡ್ ಕೇಳಿದರೆ ಬರೀ ಅಕೌಂಟ್ ಹೆಸರು ಸಾಲದು: ಕಂಪ್ಯೂಟರ್ ಹೆಸರು, ಬ್ಯಾಕ್‌ಸ್ಲ್ಯಾಶ್ (\), ನಂತರ ಅಕೌಂಟ್ ಹೆಸರು ಬರೆಯಿರಿ.